ದಾಳಿಂಬೆಯ ಬಾಲಕ್ಕೆ ಮೋಸಹೋಗದ ಚಮನಸಾಬ

ಸಾಲೋಟಗಿ ಹೊರಗಿನ ನಿಂಬೆ ತೋಟ. ಬಿಸಿಲು ಇನ್ನೂ ಗಿಡದ ತುದಿ ಮುಟ್ಟಿಲ್ಲ. ಹದಿನಾರು ಲೀಟರಿನ ಪಂಪನ್ನು ಬೆನ್ನಿಗೇರಿಸುವ ಮೊದಲು ಚಮನಸಾಬರು ಬದುವಿನ ಮೇಲೆ ಕೂತು, ಔಷಧದ ಡಬ್ಬಿಯೊಂದಿಗೆ ಬಂದ ಚೀಟಿ ಬಿಡಿಸುತ್ತಾರೆ. ಸರ್ಕಾರ ಈ ಔಷಧವನ್ನು ಯಾವ ಬೆಳೆಗೆ ಒಪ್ಪಿದೆ ಎಂಬುದು ಅದರಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿದೆ. ಅವರ ಬೆರಳು ಸಾಲು ಸಾಲಾಗಿ ಇಳಿಯುತ್ತದೆ. ತಮಾಷೆಯೆಂದರೆ, ಅವರಿಗೆ ಓದಲು ಬರುವುದಿಲ್ಲ. ಗುರುತು ಸಿಗುವುದು ಒಂದೇ ಪದ, ನಿಂಬೆ.

ವಯಸ್ಸು ಅರವತ್ತೊಂದು. ಮೂವತ್ತೈದು ವರ್ಷದಿಂದ ಕೂಲಿಗೆ ಔಷಧ ಹೊಡೆಯುವ ಕೆಲಸ. ದಿನಕ್ಕೆ ಇಪ್ಪತ್ತು ಪಂಪು, ಪಂಪಿಗೆ ನಾಲ್ಕು ಗಿಡ. ಈ ಕಡೆ ಬೆಳೆಗೆ ಹೊಡೆಯುವ ಔಷಧಕ್ಕೆಲ್ಲ ಒಂದೇ ಹೆಸರು, ಎಣ್ಣಿ. ಆ ಹೆಸರೇ ಒಮ್ಮೆ ಕೈಕೊಟ್ಟಿತು. ಹತ್ತಿಗೆ ತಂದು ಉಳಿದಿದ್ದ ಎಣ್ಣಿಯನ್ನು ನಿಂಬೆಗೆ ಹೊಡೆದರು. ಮರುದಿನ ಅದೇ ತೋಟಕ್ಕೆ ಕಾಯಿ ಕೀಳಲು ಹೋದ ಹೆಂಡತಿ ಅಬಿದಾ ತಲೆ ಸುತ್ತಿ ಬಿದ್ದರು. ಎರಡು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು.

ಏಳನೆಯ ತರಗತಿ ಓದಿದ್ದ ಅಬಿದಾ ಬೈಯಲಿಲ್ಲ. ಅಂದಿನಿಂದ ಬೆಳಿಗ್ಗೆ ಇಬ್ಬರೂ ಬದುವಿನ ಮೇಲೆ ಕೂತು ಚಹಾ ಕುಡಿಯುತ್ತ ಚೀಟಿ ಓದುವುದು ರೂಢಿಯಾಯಿತು. "ಆಕಿ ಓದಾಕಿ, ನಾ ಕೇಳಾಂವ. ಒಂದಿನ ನಿಂಬಿ ಮುಳ್ಳು ಮುರದು ಮಣ್ಣಾಗ ನಿಂಬೆ ಅಂತ ಬರದು ತೋರಿಸಿದ್ಲು. ನಾ ಇಲ್ಲದಾಗ ಇದೊಂದರ ಹುಡುಕು ಅಂದ್ಲ್ರಿ," ಎನ್ನುತ್ತಾರೆ. ಅಬಿದಾ ತೀರಿಹೋಗಿ ನಾಲ್ಕು ವರ್ಷ. ಚಹಾದ ತಂಬಿಗೆಯ ಪಕ್ಕ ಈಗಲೂ ಎರಡು ಕಪ್ಪು ಇವೆ. ಎರಡನೆಯದರಲ್ಲಿ ಇಂದು, ಅವರ ಬಗ್ಗೆ ಬರೆಯಲು ಬಂದ ನನಗೆ ಚಹಾ.

ಬೆರಳು ಚೀಟಿಯ ಕೊನೆ ಮುಟ್ಟಿದೆ. ನಿಂಬೆ ಇಲ್ಲ. ತೋಟದ ಮಾಲೀಕ ಸಿದ್ರಾಮ ಅಕ್ಷರ ಬಲ್ಲವರು, ಅವಸರದವರು. ಇಲ್ಲೇ ಇದೆಯಲ್ಲ ಎಂದು ನಡುವಿನ ಒಂದು ಸಾಲಿಗೆ ಬೆರಳಿಡುತ್ತಾರೆ. ಚಮನಸಾಬರು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿಯುತ್ತಾರೆ.

"ಬಾಲ ಅದರಂಗ ಐತ್ರಿ, ಆದ್ರ ಮುಂದ ಆಕಿ ಹೇಳಿಕೊಟ್ಟ ದಾ ಕುಂತೈತಿ. ಇದು ದಾಳಿಂಬ್ರಿ ಅಣ್ಣಾರ. ನಾಳಿ ಹೆಣ್ಮಕ್ಕಳು ಕಾಯಿಗೆ ಕೈ ಹಾಕ್ತಾರ, ನಾ ಹೊಡ್ಯಾಂಗಿಲ್ಲ."

ಬೇರೆ ಆಳು ಕರೆಯುತ್ತೇನೆ ಎಂದು ಸಿದ್ರಾಮ ಗದರುತ್ತಾರೆ. ಚಮನಸಾಬರು ಪಂಪನ್ನು ಬೋರಲು ಹಾಕಿ ಬದುವಿನ ಮೇಲೆ ಕೂರುತ್ತಾರೆ. ಸ್ವಲ್ಪ ಹೊತ್ತಿಗೆ ಸಿದ್ರಾಮ ಗೊಣಗುತ್ತಲೇ ಬೈಕು ಹತ್ತಿ, ಡಬ್ಬಿ ಬದಲಿಸಲು ಇಂಡಿ ಪಟ್ಟಣಕ್ಕೆ ಹೊರಡುತ್ತಾರೆ.

ಸರ್ಕಾರಕ್ಕೆ ಏನಾದರೂ ಹೇಳುವುದಿದೆಯೇ ಎಂದು ಕೇಳುತ್ತೇನೆ. ಅವರು ಚೀಟಿ ಮಡಚುತ್ತ ಹೇಳುತ್ತಾರೆ: "ಅಕ್ಷರ ಸ್ವಲ್ಪ ದೊಡ್ಡು ಮಾಡ್ರಿ ಅಂತ ಬರೀರಿ. ಆಕಿ ಇದ್ದಾಗ ಸಣ್ಣದಿದ್ರೂ ನಡೀತಿತ್ತು. ಈಗ ನಾ ಒಬ್ಬಾಂವ ನೋಡಬೇಕಲ್ರಿ."