ಇಪ್ಪತ್ತೈದನೇ ಪೋರ್ಟ್ ಮುಚ್ಚಿದ ವಾರ

ಕುಮಟೆಯ ರಮಾನಂದ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು. ಕಂಪ್ಯೂಟರ್ ಬಂದ ಮೇಲೆ ಪುಸ್ತಕ ತರಿಸಿ ಓದಿ, ನಲವತ್ತು ದಾಟಿದ ಮೇಲೆ ಅದನ್ನೂ ಕಲಿತರು. 2003ರಲ್ಲಿ ಒಂದು ಸಣ್ಣ ಕಂಪನಿಯ ಮೇಲ್ ಸರ್ವರ್ ಅವರ ಉಸ್ತುವಾರಿಯಲ್ಲಿತ್ತು. ಭಟ್ಕಳದಿಂದ ಕುಮಟೆಯವರೆಗಿನ ಎಷ್ಟೋ ಅಂಗಡಿ, ಆಫೀಸುಗಳ ಮೇಲ್ ಅದರ ಮೂಲಕ ಹೋಗುತ್ತಿತ್ತು.

ಫೆಬ್ರವರಿಯಲ್ಲಿ ಒಬ್ಬ ಗಿರಾಕಿಯ ಕಂಪ್ಯೂಟರಿಗೆ ವೈರಸ್ ಹೊಕ್ಕಿತು. ಅದು ಸಾವಿರಾರು ಕಸದ ಮೇಲ್ ಕಳಿಸಿತು. ಹೊರಗಿನ ಸರ್ವರುಗಳು ರಮಾನಂದರ ಕಡೆಯ ಯಾವ ಮೇಲನ್ನೂ ತೆಗೆದುಕೊಳ್ಳದಾದವು. ಗಿರಾಕಿಗಳೆಲ್ಲ ಮೇಲ್ ಕಳಿಸುತ್ತಿದ್ದುದು ಇಪ್ಪತ್ತೈದನೇ ನಂಬರಿನ ಪೋರ್ಟಿನಿಂದ, ಅಂದರೆ ಸರ್ವರಿನ ಒಂದು ಬಾಗಿಲಿನಿಂದ; ಅಲ್ಲಿ ಯಾರು, ಏನು ಎಂದು ಕೇಳುವವರಿರಲಿಲ್ಲ. ರಮಾನಂದ ಗಿರಾಕಿಗಳಿಗೆ ಅದನ್ನು ಮುಚ್ಚಿ, ಇನ್ನು ಮೇಲೆ 587ರಿಂದ, ಪಾಸ್‌ವರ್ಡ್ ಕೊಟ್ಟೇ ಕಳಿಸಬೇಕು ಎಂದು ಮಾಡಿದರು. ನಿರ್ಧಾರ ಸರಿಯಾಗಿಯೇ ಇತ್ತು. ಇಂಗ್ಲಿಷಿನಲ್ಲಿ ಒಂದು ನೋಟೀಸನ್ನು ಎಲ್ಲರಿಗೂ ಮೇಲ್ ಮಾಡಿ, ವಾರ ಬಿಟ್ಟು, ಸೋಮವಾರ ಬೆಳಿಗ್ಗೆ ಮುಚ್ಚಿದರು.

ಹೊನ್ನಾವರದಲ್ಲಿ ಸುಚಿತಾ ಎಂಬ ಹುಡುಗಿ ಎಸ್‌ಟಿಡಿ ಬೂತಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ಬರೆಯಲು ಬಾರದವರಿಗೆ ಮೇಲ್ ಬರೆದುಕೊಡುತ್ತಿದ್ದಳು. ಅವಳೂ ರಮಾನಂದರ ಗಿರಾಕಿಯೇ; ಆ ಇಂಗ್ಲಿಷ್ ನೋಟೀಸು ಅವಳಿಗೂ ಬಂದಿತ್ತು, ಅರ್ಥವಾಗಿರಲಿಲ್ಲ. ಅದೇ ಸೋಮವಾರ ಮಧ್ಯಾಹ್ನ ಮೀನು ಮಾರುವ ಕಮಲಿ ಬಂದಳು. ಅವಳ ತಮ್ಮ ಮಾಬ್ಲ ಸರಕಿನ ಹಡಗಿನಲ್ಲಿ ಖಲಾಸಿ. ತಾಯಿ ಗಂಗಿ ಹಾಸಿಗೆ ಹಿಡಿದಿದ್ದಳು.

"ಅಬ್ಬೆ ನಿನ್ನೇ ಕೇಳ್ತದೆ, ಹೆಂಗಾರೂ ಬಂದು ಹೋಗು ಅಂತ ಬರಿ," ಎಂದಳು. ಸುಚಿತಾ ಹಾಗೆಯೇ ಬರೆದು, ಕಳಿಸುವ ಗುಂಡಿ ಒತ್ತಿದಳು.

ಮಂಗಳವಾರ ನೋಡಿದರೆ ಮೇಲ್ ಹೋಗದೆ ಹಾಗೇ ಕೂತಿತ್ತು. ಅವಳು ಕುಮಟೆಗೆ ಫೋನ್ ಮಾಡಿದಳು.

"ರಮಾನಂದಣ್ಣ, ಬರೂದೆಲ್ಲ ಬರ್ತದೆ, ಹೋಗೂದೇ ಇಲ್ಲ. ಎಂತಕ್ಕೆ?"

ಬೆಳಿಗ್ಗೆಯಿಂದ ಒಂದಲ್ಲ ಒಂದು ದೂರಿನ ಇಪ್ಪತ್ತು ಫೋನ್ ಬಂದು ರಮಾನಂದರಿಗೆ ಸಾಕಾಗಿತ್ತು. "ನಿಮ್ಮ ಬದಿ ಲೈನ್ ಸಮ ಇರೂದಿಲ್ಲ ಮಾರಾಯ್ತಿ. ಮತ್ತೆ ಮತ್ತೆ ಒತ್ತಿ ನೋಡು," ಎಂದು ಇಟ್ಟುಬಿಟ್ಟರು. ಲೈನ್ ಕೆಟ್ಟಿದ್ದರೆ ಬರುವ ಮೇಲೂ ಬರುತ್ತಿರಲಿಲ್ಲ. ಅಷ್ಟು ತಿಳಿಯದವರೇನೂ ಅಲ್ಲ ಅವರು. ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡಿರಲಿಲ್ಲ, ಅಷ್ಟೆ.

ಸುಚಿತಾ ಮೂರು ದಿನ ಒತ್ತಿ ನೋಡಿದಳು. ಕಮಲಿ ಬುಟ್ಟಿ ಇಳಿಸಿ ದಿನವೂ ಕೇಳುತ್ತಿದ್ದಳು, "ಹೋಯ್ತಾ ತಂಗಿ?"

ಶುಕ್ರವಾರ ಸುಚಿತಾ ಮತ್ತೆ ಫೋನ್ ಮಾಡಿ, ಗಂಗಿಯ ವಿಷಯ ಹೇಳಿದಳು. ರಮಾನಂದ, "ನಾನೇ ಬತ್ತೆ," ಎಂದರು. ಸಿಕ್ಕಿದ ಬಸ್ಸು ಹತ್ತಿದರು. ಹಳದೀಪುರದಲ್ಲಿ ಅದು ಜನ ಹತ್ತಿಸಿಕೊಳ್ಳುತ್ತ ನಿಂತಷ್ಟು ಹೊತ್ತೂ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಬೂತಿಗೆ ಬಂದು 25 ಇದ್ದಲ್ಲಿ 587 ಹಾಕಿ, ಪಾಸ್‌ವರ್ಡ್ ಬರೆದರು. ಎರಡು ನಿಮಿಷದ ಕೆಲಸ. ಕೂತಿದ್ದ ಹನ್ನೊಂದು ಮೇಲುಗಳೂ ಹೋದವು.

ಗಂಗಿ ಶನಿವಾರ ಬೆಳಿಗ್ಗೆ ತೀರಿಕೊಂಡಳು. ಭಾನುವಾರ ಮಾಬ್ಲನ ಉತ್ತರ ಬಂತು. ಸೋಮವಾರದಿಂದ ಗುರುವಾರ ಸಂಜೆಯವರೆಗೂ ಅವನ ಹಡಗು ಗೋವಾದ ಹೊರಗೆ ಲಂಗರು ಹಾಕಿ ಅದಿರು ತುಂಬಿಕೊಳ್ಳುತ್ತಿತ್ತು. ಕಾರಣವಿಲ್ಲದೆ ಯಾರನ್ನೂ ಇಳಿಸುತ್ತಿರಲಿಲ್ಲ. ಈ ಮೇಲ್ ತೋರಿಸಿದ್ದರೆ ಕ್ಯಾಪ್ಟನ್ ಬಿಡುತ್ತಿದ್ದರು. ಈಗ ಹಡಗು ಹೊರಟಾಗಿದೆ, ಸುತ್ತಲೂ ನೀರು ಎಂದು ಬರೆದಿದ್ದ.

ಸುಚಿತಾ ಅದನ್ನು ಫೋನಿನಲ್ಲಿ ಓದಿ ಹೇಳಿದ ಮೇಲೆ ರಮಾನಂದ ಕಮಲಿಯ ಮನೆಗೆ ಹೋದರು. ಲೈನಿನ ತಪ್ಪಲ್ಲ, ದಾರಿ ಮುಚ್ಚಿದ್ದು ತಾನು, ಕೇಳಿದಾಗಲೂ ಸರಿಯಾಗಿ ಹೇಳಲಿಲ್ಲ ಎಂದು ಒಂದೂ ಮುಚ್ಚಿಡದೆ ಹೇಳಿದರು.

ಕಮಲಿ ಕೇಳಿದಳು, "ಹಂಗಾರೆ ನಾಕು ದಿನವೂ ಆ ಕಾಗದ ಇಲ್ಲೇ ಹೊನ್ನಾವರದಲ್ಲೇ ಇತ್ತಾ?"

"ಹೌದು," ಎಂದರು.

ಅವಳು ಬೈಯಲಿಲ್ಲ. ಒಳಗೆ ಹೋಗಿ ಚಾ ತಂದುಕೊಟ್ಟಳು. ಬೈದಿದ್ದರೆ ಒಳ್ಳೆಯದಿತ್ತು ಎಂದು ಅವರು ಎಷ್ಟೋ ವರ್ಷ ಹೇಳುತ್ತಿದ್ದರು.