ಗೆಳೆಯನ ನಲವತ್ತೆಂಟು ನಿಮಿಷ

ಬೆಟಗೇರಿಯ ನೇಕಾರರ ಮನೆಗಳಿಂದ ಸೀರೆ ಕೊಂಡು ಶಿರಹಟ್ಟಿ, ಮುಂಡರಗಿ ಕಡೆ ಮಾರುವುದು ನನ್ನ ಕೆಲಸ. ಮೊದಲು ಸೈಕಲ್ಲಿನ ಮೇಲೆ ಗಂಟು ಒಯ್ಯುತ್ತಿದ್ದೆ, ಈಗ ವ್ಯಾನಿದೆ. ಈ ಕೆಲಸದಲ್ಲಿ ಮೊದಲು ಕಲಿತದ್ದು ಗಿರಾಕಿಯ ಮಾತನ್ನು ತಿರುಗಿಸಿ ಕೇಳುವುದು. ‘ಭಾಳ ಚಂದ ಐತ್ರಿ’ ಎಂದವಳು ಮುಂದಿನ ಅಂಗಡಿಗೆ ಹೊರಟವಳು. ‘ಸೆರಗು ಯಾಕ ಹಿಂಗೈತಿ, ಬಣ್ಣ ಬಿಡಂಗಿಲ್ಲೇನು’ ಎಂದು ತಕರಾರು ತೆಗೆದವಳು ಸೀರೆ ಒಯ್ಯುವವಳು. ನೇಕಾರರ ಮನೆಯಲ್ಲಿ ನಾನೂ ಹಾಗೆಯೇ. ನನಗೆ ಬೇಕಾದ ಸೀರೆಯನ್ನು ಒಂದು ಸಲವೂ ಹೊಗಳಿಲ್ಲ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರಿಗೆ ಇದನ್ನು ಬಿಟ್ಟಿಯಾಗಿಯೇ ಹೇಳಿಕೊಡುತ್ತೇನೆ. ಸಂಗೀತ ಮಾಡುವ ಗೆಳೆಯನಿಗೆ ಏನು ಹೇಳಬೇಕೆಂಬುದನ್ನು ಮಾತ್ರ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಗೆಳೆಯನಿಗೆ ಲಕ್ಷ್ಮೇಶ್ವರದಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಯಿದೆ. ಹರೆಯದಲ್ಲಿ ಎರಡು ವರ್ಷ ನನ್ನ ಜೊತೆ ಸೀರೆಯ ಗಂಟು ಹೊತ್ತವನು. ಈಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಸಂಗೀತ ಮಾಡುತ್ತಾನೆ. ಹಾಡಿಲ್ಲ, ತಾಳವಿಲ್ಲ. ಒಂದು ದನಿ ಏಳುತ್ತದೆ, ಬಹಳ ಹೊತ್ತಿನ ಮೇಲೆ ಇನ್ನೊಂದಾಗುತ್ತದೆ. ಮೋಟಾರು ಬಂದ್ ಆಗುವಾಗಿನ ದನಿಯನ್ನು ಮೊಬೈಲಿನಲ್ಲಿ ಹಿಡಿದು, ಅದನ್ನೇ ಎಳೆದೆಳೆದು ಇದನ್ನೆಲ್ಲ ಮಾಡುತ್ತಾನಂತೆ. ಇದಕ್ಕೆ ಆಂಬಿಯೆಂಟ್ ಅನ್ನುತ್ತಾರೆ ಎಂದು ನನಗೆ ಎರಡು ಸಲ ಹೇಳಿದ್ದಾನೆ.

ಒಂದು ದಿನ ಪೆನ್‌ಡ್ರೈವ್ ಕೈಗಿಟ್ಟ. ಎರಡು ವರ್ಷ ಕೂತು ಮಾಡಿದ ಐವತ್ತನಾಲ್ಕು ನಿಮಿಷದ ಒಂದೇ ರಚನೆ. ಧಾರವಾಡದಲ್ಲಿ ಕೆಲವರು ಇಂಥದ್ದನ್ನೇ ಕೂತು ಕೇಳುವ ಕೂಟವೊಂದನ್ನು ಇಟ್ಟುಕೊಂಡಿದ್ದರು, ಅಲ್ಲಿಗೆ ಕಳಿಸುವ ಆಸೆ ಅವನಿಗೆ.

“ಖರೆ ಹೇಳು. ಇದರಾಗ ಏನೂ ಇಲ್ಲ ಅಂದ್ರ ಕಳಸಂಗಿಲ್ಲ. ಮತ್ತ ಮಾಡಂಗೂ ಇಲ್ಲ.”

ಗದಗ ಬಿಡುವಾಗ ವ್ಯಾನಿನಲ್ಲಿ ಹಚ್ಚಿದೆ. ಡಂಬಳ ಬರುವವರೆಗೂ ಈಗ ಶುರುವಾದೀತು, ಈಗ ಶುರುವಾದೀತು ಎಂದು ಕಾದೆ. ಡಂಬಳ ದಾಟಿದ ಮೇಲೆ ಹಿಂದಿನ ಗಾಲಿಯಿಂದ ಗುಂಯ್ ಎಂಬ ದನಿ ಬಂತು. ಬೇರಿಂಗ್ ಹೋಯಿತೆಂದು ಎಂಜಿನ್ ಬಂದ್ ಮಾಡಿ, ಇಳಿದು, ನಾಲ್ಕೂ ಗಾಲಿ ಒದ್ದು ನೋಡಿದೆ. ಗಾಲಿಗಳು ಸರಿಯಿದ್ದವು. ನಿಂತ ಗಾಡಿಯಲ್ಲಿ ಗುಂಯ್ ದನಿ ಇನ್ನೂ ಬರುತ್ತಿತ್ತು.

ಮುಂಡರಗಿಯಿಂದ ಫೋನ್ ಮಾಡಿದೆ.

“ಚಲೋ ಐತಿ,” ಎಂದೆ.

“ಆತು,” ಎಂದು ಅವನು ಫೋನ್ ಇಟ್ಟ.

ಮೂರು ದಿನ ಅವನ ಫೋನಿಲ್ಲ. ನಾಲ್ಕನೇ ದಿನ ನಾನೇ ಲಕ್ಷ್ಮೇಶ್ವರಕ್ಕೆ ಹೋದೆ. ಬೆಳ್ಳಟ್ಟಿಯ ರೈತರೊಬ್ಬರು ತಮ್ಮ ಬೋರಿನ ಮೋಟಾರಿಗಾಗಿ ಅಂಗಡಿಯ ಕಟ್ಟೆಯ ಮೇಲೆ ಕಾಯುತ್ತಿದ್ದರು.

“ಕಳಸಿದೇನು?”

“ಇಲ್ಲ.”

“ಯಾಕಲೇ? ಚಲೋ ಐತಿ ಅಂತ ಹೇಳಿದ್ನಲ್ಲ.”

“ಅದಕ್ಕ ಕಳಸಿಲ್ಲ,” ಎಂದ, ತಂತಿಯಿಂದ ಕಣ್ಣು ತೆಗೆಯದೆ. “ಚಲೋ ಐತಿ ಅಂದು ನೀ ಎಂದಾದ್ರೂ ಒಂದು ಸೀರಿ ತಗೊಂಡಿ ಏನು? ಬಾಜೂಕ ನಿಂತು ನೋಡೀನಿ ನಾನು.”

ಅವನು ಹೇಳಿದ್ದು ಸರಿಯಿತ್ತು. ನನಗೆ ಆ ಸಂಗೀತ ತಿಳಿದಿರಲಿಲ್ಲ, ಅದಕ್ಕೇ ಹೊಗಳಿದ್ದೆ. ಆದರೆ ಈ ಮೂರು ದಿನಗಳಲ್ಲಿ ಶಿರಹಟ್ಟಿಗೆ ಹೋಗುತ್ತ ಬರುತ್ತ ಇನ್ನೆರಡು ಸಲ ಕೇಳಿದ್ದೆ. ಕೂತು ಬಾಯಿ ಬಿಚ್ಚಿದೆ.

“ಮೊದಲಿನ ಆರು ನಿಮಿಷದಾಗ ಏನೂ ಇಲ್ಲ. ನಡಕ ಒಂದು ದನಿ, ಬೇರಿಂಗ್ ಹೋತಂತ ಗಾಡಿ ನಿಲ್ಲಿಸಿ ಇಳದೆ. ತಬಲಾ ಹಾಕು. ಮತ್ತ ಒಂದು ಕೊಳಲು ಬರತೈತಲ್ಲ, ಅದು ಮದವಿ ವಿಡಿಯೋದಾಗಿಂದು.”

“ತಬಲಾ ಹಾಕಂಗಿಲ್ಲ,” ಎಂದ. ಆಮೇಲೆ, “ಗಾಡಿಯಿಂದ ಇಳದ್ಯಾ?”

“ಇಳದು ಗಾಲಿ ಒದ್ದೆ.”

ಅವನ ಮುಖ ಅರಳಿತು. “ಕೊಳಲು ನಿನ್ನಂಥವರ ಸಲುವಾಗಿ ಹಾಕಿದ್ದೆ.”

“ನನ್ನಂಥವರಿಗೂ ಬ್ಯಾಡ. ಅದೊಂದ ನಿಂದಲ್ಲ ಅದರಾಗ.”

ಕಟ್ಟೆಯ ಮೇಲಿದ್ದ ರೈತರು ತಡೆಯಲಾರದೆ, “ನಮ್ಮದು ಯಾವಾಗ ಕೊಡ್ತೀರಿ?” ಎಂದರು.

“ಕೊಳಲು ತಗದು ಕೊಡ್ತೀನ್ರಿ.”

“ಅದನ್ನೂ ಹಾಕಿರತಾರೇನ್ರಿ ಮೋಟರ್‌ದಾಗ?”

ಕೊಳಲು ಹೋಗಿ ನಲವತ್ತೆಂಟು ನಿಮಿಷ ಉಳಿಯಿತು. ಅಂದೇ ಕಳಿಸಿದ. ವಾರದ ಮೇಲೆ ನಾನು ಅಲ್ಲಿದ್ದಾಗಲೇ ಧಾರವಾಡದಿಂದ ಫೋನ್ ಬಂತು. ಕೂಟ ನಡೆಸುವ ಹೆಣ್ಣುಮಗಳು. ಸಂಗೀತ ಹಿಡಿಸಿದೆ, ಆದರೆ ಒಬ್ಬೊಬ್ಬರಿಗೂ ಇಪ್ಪತ್ತೇ ನಿಮಿಷ, ಕತ್ತರಿಸಿ ಕಳಿಸಿ ಎಂದರು. ಗೆಳೆಯ ಫೋನನ್ನು ನನ್ನ ಕೈಗೆ ಕೊಟ್ಟ.

“ಮೇಡಂ, ಇಪ್ಪತ್ತು ನಿಮಿಷಕ್ಕ ನಮ್ಮ ಗಾಡಿ ಡಂಬಳಾನೂ ಮುಟ್ಟಿರಂಗಿಲ್ರಿ,” ಎಂದೆ.

ಅವರಿಗೆ ತಿಳಿಯಲಿಲ್ಲ. ಇರಲಿ. ಅವರು ಇಪ್ಪತ್ತೈದು ಎಂದರು, ನಾನು ನಲವತ್ತೈದು ಎಂದೆ, ಮೂವತ್ತೈದಕ್ಕೆ ಮುಗಿಯಿತು. ನಾನು ಚಹಾ ತರಿಸಿದೆ.

“ಯಾವ ಹದಿಮೂರು ನಿಮಿಷ ತಗೀಲಿ? ನೀನ ಹೇಳು,” ಎಂದ ಗೆಳೆಯ.

ಅಂಗಡಿಯ ಬಾಗಿಲು ಮುಂದಕ್ಕೆ ಮಾಡಿ ಇಬ್ಬರೂ ಕೂತು ಕೇಳಿದೆವು. ಮೊದಲಿನ ಆರು ನಿಮಿಷಕ್ಕೆ ನಾನೇ ಕೈ ಹಾಕಿದೆ. ತೆಗೆದು ಹಚ್ಚಿದರೆ ಬೇರಿಂಗಿನ ದನಿ ಬೇಗ ಬಂದುಬಿಡುತ್ತದೆ; ಯಾರೂ ಗಾಡಿಯಿಂದ ಇಳಿಯಲಾರರು. ಅದನ್ನು ವಾಪಸ್ ಹಾಕಿಸಿದೆ. ಕೊನೆಯಲ್ಲಿ ಕರೆಂಟು ಹೋದ ಮೇಲೆ ಮೋಟಾರು ತಿರುಗಿ ತಿರುಗಿ ನಿಲ್ಲುವಂಥ ಒಂದು ಭಾಗವಿದೆ. ಅದಕ್ಕೆ ಕತ್ತರಿ ಹಾಕಿದರೆ ನಿಲ್ಲುವುದೇ ಇಲ್ಲ, ಮುರಿಯುತ್ತದೆ. ಮಧ್ಯಾಹ್ನ ಕಳೆಯಿತು. ನನ್ನಿಂದ ಒಂದು ನಿಮಿಷವೂ ತೆಗೆಯಲಾಗಲಿಲ್ಲ.

“ಒಂದೂ ಬಿಡಾಕ ಆಗಂಗಿಲ್ಲ,” ಎಂದೆ.

“ಮಾತು ಕೊಟ್ಟೀದಿ.”

ಒಪ್ಪಿದ ವ್ಯವಹಾರವನ್ನು ನಾನು ಮುರಿದವನಲ್ಲ, ನೀವೂ ಮುರಿಯಬೇಡಿ, ಹೆಸರು ಹೋದರೆ ಬರುವುದಿಲ್ಲ. ಆದರೂ ಫೋನ್ ಮಾಡಿದೆ. “ಮೇಡಂ, ಮುಂಜಾನೆ ಒಪ್ಪಿದ್ದು ನನ್ನ ತಪ್ಪಾತ್ರಿ. ಸರಿಯಾಗಿ ಕೇಳದ ಒಪ್ಪಿದೆ. ನಲವತ್ತೆಂಟೂ ಬೇಕ್ರಿ.”

ಅವರು ಹಾಳೆ ಮಗುಚಿದ ಸದ್ದು ಕೇಳಿತು. “ಎಲ್ಲಾರದೂ ಮುಗಿದ ಮ್ಯಾಲ ಕಡೀಕ ಇಡತೀನ್ರಿ. ಮಂದಿ ಎದ್ದು ಹೋದ್ರ ನನ್ನ ಕೇಳಬ್ಯಾಡ್ರಿ.”

ಫೋನಿನ ಮೇಲೆ ಕೈ ಮುಚ್ಚಿ ಗೆಳೆಯನಿಗೆ ಹೇಳಿದೆ.

“ಹೋದ್ರ ಹೋಗಲಿ,” ಎಂದ. “ಅರ್ಧಾ ಕಳಸೂದು ಬ್ಯಾಡ.”

ಧಾರವಾಡದಲ್ಲಿ ಗೆಳೆಯನ ರಚನೆ ಹಚ್ಚಿದಾಗ ನಾನು ಕೂಟದ ಕೋಣೆಯ ಹೊರಗೆ ಬಾಗಿಲ ಬಳಿ ನಿಂತೆ. ಎದ್ದು ಬಂದ ಒಬ್ಬೊಬ್ಬರನ್ನೂ ಎಲ್ಲಿ ಬೇಸರವಾಯಿತು ಎಂದು ಕೇಳಿ ಚೀಟಿಯಲ್ಲಿ ಬರೆದುಕೊಂಡೆ. ಹೆಚ್ಚಿನವರು ಮೊದಲಿನ ಆರು ನಿಮಿಷ ಎಂದರು. ಒಬ್ಬರು ಬಸ್ಸಿಗೆ ಹೊತ್ತಾಯಿತು ಎಂದರು, ಅದನ್ನೂ ಬರೆದೆ. ಕೊನೆಯ ದನಿಯೂ ನಿಂತು ಗೆಳೆಯ ಹೊರಗೆ ಬಂದಾಗ ಚೀಟಿ ಕೊಟ್ಟೆ. ಓದಿ ಮಡಚಿ ಜೇಬಿಗಿಟ್ಟ.

“ಕುಂತವರು ಎಷ್ಟು ಮಂದಿ?” ಎಂದ. ಒಳಗೆ ಅವನು ತಲೆಯೆತ್ತಿ ನೋಡಿರಲಿಲ್ಲ.

ಬಾಗಿಲಲ್ಲಿ ಇಣುಕಿ ಎಣಿಸಿದೆ. “ಒಂಬತ್ತು.”

“ಅವರನ್ನ ಕೇಳಿದೇನು?”

“ಇಲ್ಲ,” ಎಂದೆ. “ಇನ್ನೂ ಯಾರೂ ಎದ್ದಿಲ್ಲ.”