ಐವರು ಕಡಿದ ಭತ್ತ

ಅಕ್ಕಿಆಲೂರಿನ ಹತ್ತಿರ ಒಂದು ಕಣದಲ್ಲಿ ಬೀಜದ ಭತ್ತದ ತೇವಾಂಶ ಅಳೆಯುತ್ತಿದ್ದೆ. ಅದು ಶೇಕಡಾ ಹದಿಮೂರು ದಾಟಿದ್ದರೆ ಭತ್ತ ಚೀಲದಲ್ಲೇ ಮುಗ್ಗುತ್ತದೆ, ಬಿತ್ತಿದರೆ ಮೊಳೆಯುವುದಿಲ್ಲ. ನನ್ನ ಮೀಟರು ಹದಿನೇಳು ತೋರಿಸಿತು.

ಅಲ್ಲಿಯವರು ಕಾಳು ಕಡಿದು ನೋಡುತ್ತಾರೆ. ಊರಿನ ಹಿರಿಯರಾದ ಬಸಪ್ಪಜ್ಜ ಒಂದು ಕಾಳು ಬಾಯಿಗೆ ಹಾಕಿಕೊಂಡು, "ಒಣಗೇತಿ, ತುಂಬ್ರಿ" ಎಂದರು. ಪಕ್ಕದಲ್ಲಿದ್ದ ಮೂವರೂ ಕಡಿದು "ಒಣಗೇತಿ" ಎಂದರು. ನನಗೂ ಒಂದು ಕಾಳು ಕೊಟ್ಟರು. ಒಣಗಿದ್ದರೆ ಕಟ್ ಎನ್ನಬೇಕು. ನನ್ನ ಹಲ್ಲಿಗೆ ಮೆತ್ತಗೆ ಸಿಕ್ಕಿತು. ನಾನೂ "ಒಣಗೇತಿ" ಎಂದೆ.

ಭತ್ತ ಗಂಗವ್ವನವರದು. ಚೀಲ ಹಿಡಿದು ನಿಂತಿದ್ದ ಅವರು, "ಮತ್ತ ನಿಮ್ಮ ಮಶೀನ್ ಏನಂತೈತ್ರಿ?" ಎಂದರು.

"ಹಸಿ ಅಂತೈತ್ರಿ."

ಅವರೂ ಒಂದು ಕಾಳು ಕಡಿದರು. "ಹಸೀನ ಐತಿ. ಇನ್ನೆರಡು ದಿನ ಒಣಗಿಸ್ತೇನಿ."

ಆ ಮೂವರು ಮತ್ತೊಮ್ಮೆ ಕಡಿದು, "ಹೌದು, ಸ್ವಲ್ಪ ಹಸಿ ಐತಿ" ಎಂದರು.

ಹೊರಡುವಾಗ ಬಸಪ್ಪಜ್ಜ ನನ್ನ ಬೈಕಿನ ತನಕ ಬಂದರು. "ನನಗ ಹಲ್ಲ ಹೋಗಿ ಎರಡ ವರ್ಸ ಆತು. ಕಾಳು ಬರೇ ಬಾಯಾಗ ಇಟ್ಕೊಂಡಿದ್ದೆ. ನಿಮಗೇನಾಗಿತ್ತರಿ?"

ನನಗೆ ಮೂವತ್ತೆರಡೂ ಇವೆ.